ಮನೆಯಂಗಳಕ್ಕೆ ಹಕ್ಕಿ, ಚಿಟ್ಟೆ, ಕಪ್ಪೆಗಳು ಬರಬೇಕೆಂದರೆ: ಒಂದು ಸಮಗ್ರ ಮಾರ್ಗದರ್ಶಿ

ಮನೆಯ ಸುತ್ತ ಹಕ್ಕಿಗಳು ಬರಬೇಕೆಂದು ಆಸೆಪಡುವವರು ಮೊದಲು ಕೇಳುವುದು, "ಯಾವ ಕಾಳು ಹಾಕಬೇಕು?" ಎಂದು. ದಯವಿಟ್ಟು ಕಾಳಿನಿಂದ ಆರಂಭಿಸಬೇಡಿ. ತಾರಸಿಯ ಮೇಲೆ ದಿನವೂ ಅಕ್ಕಿ, ಜೋಳ ಚೆಲ್ಲಿದರೆ ನಗರದಲ್ಲಿ ಬರುವುದು ಪಾರಿವಾಳಗಳ ಹಿಂಡು. ಕತ್ತಲಾದ ಮೇಲೆ ಇಲಿಗಳು. ಸೂರಕ್ಕಿ, ಮಡಿವಾಳ, ಟುವ್ವಿಹಕ್ಕಿ, ಬೆಳ್ಗಣ್ಣ, ಕಾಜಾಣಗಳಿಗೆ ನಿಮ್ಮ ಕಾಳು ಬೇಕಿಲ್ಲ. ಕಾಳು ತಿನ್ನುವ ಗುಬ್ಬಿ ಸಹ ಮರಿಗಳಿಗೆ ಮೊದಲ ದಿನಗಳಲ್ಲಿ ಗುಟುಕು ಕೊಡುವುದು ಹುಳುಗಳನ್ನು. ಮಕರಂದ ಹೀರಿ ಬದುಕುವ ಸೂರಕ್ಕಿ ಮರಿಗೆಂದು ಜೇಡವನ್ನೂ ಸಣ್ಣ ಕೀಟವನ್ನೂ ಹಿಡಿದು ತರುತ್ತದೆ. ರಾಟವಾಳ, ಬೆಳವ, ಪಾರಿವಾಳದಂಥ ಕೆಲವನ್ನು ಬಿಟ್ಟರೆ ನಮ್ಮ ಅಂಗಳದ ಹಕ್ಕಿಗಳಲ್ಲಿ ಹೆಚ್ಚಿನವು ಮರಿ ಬೆಳೆಸುವುದು ಹುಳುಗಳನ್ನು ನಂಬಿಕೊಂಡೇ.

ಹುಳುವಿಲ್ಲದ ತೋಟದಲ್ಲಿ ಹಕ್ಕಿ ನೆಲೆ ನಿಲ್ಲುವುದಿಲ್ಲ. ಹುಳು ಬರಬೇಕಾದರೆ ಅದು ತಿನ್ನುವ ಗಿಡ ಬೇಕು, ಮತ್ತು ಆ ಗಿಡದ ಎಲೆಯಲ್ಲಿ ತೂತು ಬಿದ್ದರೆ ಸಹಿಸುವ ಮನಸ್ಸು ಬೇಕು. ಈ ಮಾರ್ಗದರ್ಶಿಯ ಹೆಜ್ಜೆಗಳೆಲ್ಲ ಈ ಮಾತಿನ ಮೇಲೆ ನಿಂತಿವೆ. ಬೆಂಗಳೂರಿನ 30x40 ನಿವೇಶನವಿರಲಿ, ಮಲೆನಾಡಿನ ಹಿತ್ತಿಲಿರಲಿ, ಮೂರನೇ ಮಹಡಿಯ ಬಾಲ್ಕನಿ ಇರಲಿ, ಕ್ರಮ ಒಂದೇ. ಅಳತೆ ಮಾತ್ರ ಬೇರೆ.

ಮೊದಲ ಹೆಜ್ಜೆ: ನರ್ಸರಿಗೆ ಹೋಗುವ ಮೊದಲು ನೋಡಿ

ಒಂದು ವಾರ ಏನನ್ನೂ ನೆಡಬೇಡಿ, ಕೀಳಬೇಡಿ. ಬೆಳಿಗ್ಗೆ ಆರೂವರೆಯಿಂದ ಎಂಟರ ನಡುವೆ ಅರ್ಧ ಗಂಟೆ, ಸಂಜೆ ಐದರ ಮೇಲೆ ಸ್ವಲ್ಪ ಹೊತ್ತು ಅಂಗಳದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಬಿಸಿಲು ಎಲ್ಲಿ ಎಷ್ಟು ಹೊತ್ತು ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಪಕ್ಕದ ಬೀದಿಯಲ್ಲಿ ಯಾವ ಮರಗಳಿವೆ, ತಂತಿಯ ಮೇಲೆ ಯಾರು ಬಂದು ಕೂರುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಬೀದಿಯ ಕೊನೆಯಲ್ಲಿ ಒಂದು ಅತ್ತಿಮರ ಇದ್ದರೆ ಕುಟ್ರುಹಕ್ಕಿ, ಕೋಗಿಲೆಗಳು ಆಗಲೇ ನಿಮ್ಮ ನೆರೆಯವರು. ಅವುಗಳಿಗೆ ಹಣ್ಣಿಗಿಂತ ಹೆಚ್ಚಾಗಿ ನಿಮ್ಮಲ್ಲಿ ನೀರು ಬೇಕಾಗಿರಬಹುದು. ಸುತ್ತ ಬರೀ ಕಾಂಕ್ರೀಟ್ ಇದ್ದರೆ ನಿಮ್ಮ ಒಂದು ಪೊದೆಯೇ ಆಸರೆಯಾದೀತು. ಸುತ್ತಮುತ್ತ ಏನು ಇಲ್ಲವೋ ಅದನ್ನು ಒದಗಿಸುವುದೇ ಜಾಣತನ.

ಹಕ್ಕಿಯ ಹೆಸರು ತಿಳಿಯದಿದ್ದರೆ ಹೆದರಬೇಕಿಲ್ಲ. ಮರ್ಲಿನ್ ಎಂಬ ಉಚಿತ ಆ್ಯಪ್ ಕೂಗು ಕೇಳಿ ಹಕ್ಕಿಯನ್ನು ಸೂಚಿಸುತ್ತದೆ. ಅದು ಹೇಳಿದ್ದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳುವ ಅಭ್ಯಾಸವಿರಲಿ.

ಎರಡನೆಯ ಹೆಜ್ಜೆ: ವಿಷವನ್ನು ನಿಲ್ಲಿಸಿ

ಕೀಟನಾಶಕ ಸಿಂಪಡಿಸುತ್ತಲೇ ಹಕ್ಕಿಗಾಗಿ ಗಿಡ ನೆಡುವುದರಲ್ಲಿ ಅರ್ಥವಿಲ್ಲ. ಕಳೆನಾಶಕ, ಇರುವೆ ಪುಡಿ, ಗುಲಾಬಿಗೆಂದು ತಂದ ಸ್ಪ್ರೇ, ಎಲ್ಲವನ್ನೂ ಬಿಡಿ. ಬೇವಿನ ಎಣ್ಣೆಯನ್ನು ಅನೇಕರು ನಿರಪಾಯ ಎಂದುಕೊಳ್ಳುತ್ತಾರೆ. ಅದು ಮನುಷ್ಯನಿಗೆ ಸೌಮ್ಯ, ನಿಜ. ಆದರೆ ಎಲೆ ತಿನ್ನುವ ಚಿಟ್ಟೆಯ ಮರಿಹುಳುವನ್ನೂ ಅದು ಕೊಲ್ಲುತ್ತದೆ. ತರಕಾರಿ ಗಿಡಕ್ಕೆ ಬಳಸಲೇಬೇಕಿದ್ದರೆ ಆ ಒಂದು ಗಿಡಕ್ಕೆ ಮಾತ್ರ, ಸಂಜೆಯ ಹೊತ್ತು, ಹೂ ಬಿಡದಿರುವಾಗ ಬಳಸಿ.

ಎಲ್ಲಕ್ಕಿಂತ ಕೆಟ್ಟದ್ದು ಇಲಿ ಪಾಷಾಣ. ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ತೂರಾಡುತ್ತ ಬಯಲಿಗೆ ಬರುತ್ತದೆ. ಅದನ್ನು ಹಿಡಿದು ತಿಂದ ಹಾಲಕ್ಕಿ, ಕಣಜಗೂಬೆ, ಕೇರೆಹಾವುಗಳ ದೇಹಕ್ಕೂ ಆ ವಿಷ ಸೇರುತ್ತದೆ. ಇಲಿಗಳನ್ನು ಹಿಡಿಯುವ ಜೀವಿಗಳನ್ನೇ ನಾವು ಹೀಗೆ ಕಳೆದುಕೊಳ್ಳುತ್ತೇವೆ. ಇಲಿಬೋನು ಇಡಿ, ಕಸದ ಡಬ್ಬಿಗೆ ಬಿಗಿಯಾದ ಮುಚ್ಚಳ ಹಾಕಿ, ನಾಯಿಯ ತಟ್ಟೆಯಲ್ಲಿ ರಾತ್ರಿ ಅನ್ನ ಉಳಿಯದಂತೆ ನೋಡಿಕೊಳ್ಳಿ.

ವಿಷ ನಿಲ್ಲಿಸಿದ ಮೊದಲ ಕೆಲವು ತಿಂಗಳು ಸಹನೆ ಬೇಕಾಗುತ್ತದೆ. ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ, ಅವರೆಗೆ ಸಸ್ಯಹೇನು ಮುತ್ತಿಕೊಳ್ಳುತ್ತವೆ. ಪೈಪಿನ ನೀರನ್ನು ರಭಸವಾಗಿ ಹಾಯಿಸಿ ಉದುರಿಸಿ. ವಿಪರೀತವಾದ ಕುಡಿಯನ್ನು ಚಿವುಟಿ ತೆಗೆಯಿರಿ. ಹೇನು ಇದ್ದಲ್ಲಿ ಗುಲಗಂಜಿ ಹುಳು ಬರುತ್ತದೆ, ಅದರ ಹಿಂದೆಯೇ ಬೆಳ್ಗಣ್ಣಗಳ ಗುಂಪು ಬಂದು ಎಲೆಯ ಅಡಿಯನ್ನೆಲ್ಲ ತಡಕುತ್ತದೆ. ಕೊತ್ತಂಬರಿ, ಸಬ್ಬಸಿಗೆಯ ಕೆಲವು ಗಿಡಗಳನ್ನು ಕೀಳದೆ ಹೂವಿಗೆ ಬಿಡಿ. ಆ ಸಣ್ಣ ಹೂಗಳಿಗೆ ಬರುವ ಹೂನೊಣಗಳಲ್ಲಿ ಅನೇಕ ಬಗೆಯವುಗಳ ಮರಿಗಳು ಸಸ್ಯಹೇನುಗಳನ್ನೇ ತಿಂದು ಬೆಳೆಯುತ್ತವೆ.

ಮೂರನೆಯ ಹೆಜ್ಜೆ: ನೀರಿಡಿ

ಬೇಗನೆ ಫಲ ಕಾಣುವುದು ಇದರಲ್ಲಿ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ನೀರಿನ ತಟ್ಟೆಗಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಪಾತ್ರೆ ಅಗಲವಾಗಿ, ಆಳವಿಲ್ಲದೆ ಇರಬೇಕು. ಒಂದರಿಂದ ಎರಡು ಅಂಗುಲ ಆಳ ಸಾಕು. ಕುಂಡದ ಕೆಳಗಿಡುವ ದೊಡ್ಡ ಮಣ್ಣಿನ ತಟ್ಟೆ ಅತ್ಯುತ್ತಮ: ಒರಟಾಗಿರುವುದರಿಂದ ಕಾಲು ಜಾರುವುದಿಲ್ಲ, ನೀರೂ ತಂಪಾಗಿರುತ್ತದೆ. ನಯವಾದ ಸ್ಟೀಲ್ ತಟ್ಟೆ, ಆಳವಾದ ಬಕೆಟ್ ಬೇಡ. ಬಕೆಟ್ಟಿನಲ್ಲಿ ಅಳಿಲೂ ಹಕ್ಕಿಯೂ ಮುಳುಗಿ ಸಾಯುತ್ತವೆ. ತಟ್ಟೆಯ ನಡುವೆ ನೀರಿನಿಂದ ತುಸು ಮೇಲೆ ಕಾಣುವಂಥ ಒಂದು ಚಪ್ಪಟೆ ಕಲ್ಲಿಡಿ. ಜೇನುಹುಳು ಅದರ ಅಂಚಿನಲ್ಲಿ ಕುಳಿತು ನೀರು ಹೀರುತ್ತದೆ.

ತಟ್ಟೆಯನ್ನು ಎಲ್ಲಿಡುತ್ತೀರಿ ಎಂಬುದು ಮುಖ್ಯ. ಮಿಂದ ಹಕ್ಕಿಯ ಪುಕ್ಕ ನೆನೆದು ಭಾರವಾಗಿ ಅದು ಬೇಗ ಹಾರಲಾರದು. ಆದ್ದರಿಂದ ತಟ್ಟೆಯ ಪಕ್ಕದಲ್ಲೇ ಬೆಕ್ಕು ಅಡಗಿ ಕೂರಬಲ್ಲ ಪೊದೆ ಇರಬಾರದು. ಆರೇಳು ಅಡಿ ಬಯಲು ಬಿಡಿ. ತಲೆಯ ಮೇಲೆ ಮಾತ್ರ ಹಾರಿ ಕೂರಲು ಒಂದು ಕೊಂಬೆ ಇರಲಿ. ಕಟ್ಟೆಯ ಮೇಲೆ ಮೂರು ಅಡಿ ಎತ್ತರದಲ್ಲಿ ಒಂದು, ನೆಲದ ಮೇಲೆ ಒಂದು, ಹೀಗೆ ಎರಡು ಇಟ್ಟರೆ ಬೇರೆ ಬೇರೆ ಹಕ್ಕಿಗಳು ಬರುತ್ತವೆ. ಪಿಕಳಾರ, ಗೊರವಂಕಗಳು ಎಲ್ಲಿಟ್ಟರೂ ಮೀಯುತ್ತವೆ. ಹರಟೆಮಲ್ಲಗಳ ಗುಂಪು ನೆಲದ ತಟ್ಟೆಯನ್ನು ಇಷ್ಟಪಡುತ್ತದೆ.

ಡೆಂಗಿಯ ಭಯ ಸಹಜ. ಸೊಳ್ಳೆಯ ಮೊಟ್ಟೆ ಒಡೆದು ಮರಿ ಬೆಳೆದು ಹಾರಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ನೀವು ದಿನವೂ, ತಪ್ಪಿದರೆ ಎರಡು ದಿನಕ್ಕೊಮ್ಮೆಯಾದರೂ ನೀರು ಬದಲಿಸಿದರೆ ಆ ತಟ್ಟೆಯಿಂದ ಒಂದು ಸೊಳ್ಳೆಯೂ ಏಳದು. ಆದರೆ ನೀರು ಚೆಲ್ಲಿ ಮತ್ತೆ ತುಂಬಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ; ತೆಂಗಿನ ನಾರಿನಿಂದ ಅಂಚನ್ನು ಉಜ್ಜಿ ತೊಳೆಯಿರಿ. ಸೋಪು ಬೇಡ. ಊರಿಗೆ ಹೋಗುವಾಗ ತಟ್ಟೆಯನ್ನು ಮಗುಚಿಟ್ಟು ಹೋಗಿ.

ನಾಲ್ಕನೆಯ ಹೆಜ್ಜೆ: ಮರಿಹುಳುಗಳಿಗೆ ಎಲೆ ಬೆಳೆಸಿ

ಇಲ್ಲಿ ಸಾವಕಾಶವಾಗಿ ಹೋಗೋಣ. ತೋಟದ ಪ್ರಾಣ ಇರುವುದು ಇಲ್ಲೇ. ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಕುಡಿದೀತು, ಆದರೆ ಮೊಟ್ಟೆ ಇಡುವುದು ತನ್ನ ಮರಿಹುಳು ತಿನ್ನಬಲ್ಲ ಗಿಡದ ಮೇಲೆ ಮಾತ್ರ. ಹೂವಿನ ಗಿಡವಷ್ಟೇ ಇರುವ ಅಂಗಳಕ್ಕೆ ಚಿಟ್ಟೆ ಬಂದು ಹೋಗುತ್ತದೆ. ಎಲೆಯ ಗಿಡವಿದ್ದರೆ ಅಲ್ಲೇ ಸಂಸಾರ ಹೂಡುತ್ತದೆ.

ಕರಿಬೇವಿನಿಂದ ಶುರುಮಾಡಿ. ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ. ಕರಿಬೇವು, ನಿಂಬೆ ಎರಡರ ಮೇಲೂ ಕಾಮನ್ ಮಾರ್ಮನ್ ಮತ್ತು ಲೈಮ್ ಎಂಬ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಕಾಣುತ್ತದೆ. ಬೆಳೆದ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಅದು ಕಚ್ಚುವುದಿಲ್ಲ, ತುರಿಸುವುದಿಲ್ಲ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ಗಿಡ ಚಿಕ್ಕದಾಗಿದ್ದು ಬೋಳಾಗುತ್ತದೆ ಎಂಬ ಚಿಂತೆ ಇದ್ದರೆ ಎರಡು ಗಿಡ ಇಟ್ಟುಕೊಳ್ಳಿ: ಒಂದು ಒಗ್ಗರಣೆಗೆ, ಇನ್ನೊಂದು ಹುಳುಗಳಿಗೆ. ಅಡುಗೆಯ ಗಿಡದಲ್ಲಿ ಕಂಡ ಹುಳುವನ್ನು ಎಲೆಯ ಸಮೇತ ಎರಡನೆಯದಕ್ಕೆ ದಾಟಿಸಿ. ಬೇರು ಗಟ್ಟಿಯಾದ ಕರಿಬೇವು ಬೋಳಾದರೂ ಮತ್ತೆ ಚಿಗುರುತ್ತದೆ.

ಎರಡನೆಯದು ಈಶ್ವರಿ ಬಳ್ಳಿ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ಕೆಂಪು ಮೈಯ ಚಿಟ್ಟೆಗಳಿಗೆ ಇದೇ ಬೇಕು. ಮಲೆನಾಡು, ಕರಾವಳಿಯಲ್ಲಿ ನೀವಿದ್ದರೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಸಹ ಇದನ್ನು ಹುಡುಕಿಕೊಂಡು ಬಂದೀತು. ಈಶ್ವರಿಯ ಎಲೆಯ ವಿಷವನ್ನು ಈ ಹುಳುಗಳು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಈ ಚಿಟ್ಟೆಗಳನ್ನು ಮುಟ್ಟುವುದಿಲ್ಲ. ವಿಷವಿಲ್ಲದ ಕಾಮನ್ ಮಾರ್ಮನ್‌ನ ಅನೇಕ ಹೆಣ್ಣುಗಳು ಇದೇ ರೋಸ್ ಚಿಟ್ಟೆಗಳ ವೇಷ ತೊಟ್ಟು ಬದುಕಿಕೊಳ್ಳುತ್ತವೆ. ಕರಿಬೇವು, ಈಶ್ವರಿ ಎರಡೂ ಇರುವ ಅಂಗಳದಲ್ಲಿ ಅಸಲಿಯನ್ನೂ ವೇಷಧಾರಿಯನ್ನೂ ಒಟ್ಟಿಗೆ ನೋಡಬಹುದು. ಒಂದು ಎಚ್ಚರಿಕೆ: ಈ ಬಳ್ಳಿಯನ್ನು ಔಷಧಿ ಎಂದು ಸೇವಿಸಬೇಡಿ, ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ.

ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್ ಎಂಬ ಚಿಟ್ಟೆ ಬರುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಕಾಡುಬಸಳೆಗೆ ರೆಡ್ ಪಿಯರೋ ಎಂಬ ಪುಟ್ಟ ಚಿಟ್ಟೆ ಬರುತ್ತದೆ; ಅದರ ಹುಳು ದಪ್ಪ ಎಲೆಯ ಒಳಗೇ ಸುರಂಗ ಕೊರೆದು ತಿನ್ನುತ್ತದೆ. ಕುಂಡದಲ್ಲಿ ತಾನಾಗಿ ಹುಟ್ಟುವ ಗೋಣಿಸೊಪ್ಪನ್ನು ಕಳೆ ಎಂದು ಕೀಳಬೇಡಿ. ಅದರ ಮೇಲೆ ಡಾನಾಯ್ಡ್ ಎಗ್‌ಫ್ಲೈ ಮೊಟ್ಟೆ ಇಡುತ್ತದೆ, ಮತ್ತು ಅದರ ಹೆಣ್ಣು ಪ್ಲೇನ್ ಟೈಗರ್‌ನ ವೇಷಧಾರಿ. ಜಾಗ ಹೆಚ್ಚಿದ್ದವರು ಸಂಪಿಗೆ ನೆಡಿ: ಟೈಲ್ಡ್ ಜೇ ಎಂಬ ಹಸಿರು ಚುಕ್ಕೆಯ ಚಿಟ್ಟೆಗೆ ಎಲೆ, ಹಕ್ಕಿಗಳಿಗೆ ಕೆಂಪು ಬೀಜ, ನಿಮಗೆ ಹೂವು. ಸೀತಾಫಲಕ್ಕೂ ಅದೇ ಚಿಟ್ಟೆ ಬರುತ್ತದೆ. ಕಕ್ಕೆ ಮರಕ್ಕೆ ಎಮಿಗ್ರಂಟ್ ಚಿಟ್ಟೆಗಳು ಬರುತ್ತವೆ. ಹರಳು ಗಿಡವೂ ಒಳ್ಳೆಯದೇ, ಆದರೆ ಅದರ ಬೀಜ ಪ್ರಾಣಾಪಾಯದ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡ.

ಮುಟ್ಟಬಾರದ ಹುಳುಗಳೂ ಇವೆ. ನುಗ್ಗೆಮರದ ಕಾಂಡದ ಮೇಲೆ ಗುಂಪಾಗಿ ಕೂರುವ ಕಂಬಳಿಹುಳುಗಳ ರೋಮ ತಾಗಿದರೆ ಮೈಯೆಲ್ಲ ಉರಿ. ಬಾಗಿಲ ಬಳಿ, ಮಕ್ಕಳು ಆಡುವ ಕಡೆ ಇದ್ದರೆ ಉದ್ದ ಕೋಲಿಗೆ ಹಳೆಯ ಬಟ್ಟೆ ಸುತ್ತಿ ದೂರ ಸರಿಸಿ. ಉಳಿದೆಡೆ ಬಿಟ್ಟುಬಿಡಿ, ರೋಮದ ಹುಳುಗಳನ್ನೂ ಕೋಗಿಲೆಯ ಬಳಗದ ಹಕ್ಕಿಗಳು ತಿನ್ನುತ್ತವೆ.

ಐದನೆಯ ಹೆಜ್ಜೆ: ಹೂವು, ಹಣ್ಣು, ಹುಲ್ಲು

ಸೂರಕ್ಕಿಗೆ ದಾಸವಾಳ, ಕೇಪುಳ, ಬಾಳೆಯ ಹೂವು ಸಾಕು. ದಾಸವಾಳದಲ್ಲಿ ಐದು ಎಸಳಿನ ಹಳೆಯ ಬಗೆಯನ್ನೇ ಆರಿಸಿ. ಎಸಳುಗಳು ಮುದ್ದೆಯಾಗಿ ತುಂಬಿದ ಹೂವಿನಲ್ಲಿ ಕೊಕ್ಕಿಗೆ ಮಕರಂದ ಸುಲಭವಾಗಿ ಸಿಗದು. ಕೇಪುಳಕ್ಕೆ ಚಿಟ್ಟೆಗಳೂ ಮುತ್ತುತ್ತವೆ, ಅದರ ಹಣ್ಣನ್ನು ಪಿಕಳಾರ ತಿನ್ನುತ್ತದೆ. ಸಣ್ಣ ಅಂಗಳಕ್ಕೆ ಇಷ್ಟು ಉಪಯೋಗದ ಪೊದೆ ಮತ್ತೊಂದು ನನಗೆ ಕಾಣದು. ತುಳಸಿ, ಕಾಮಕಸ್ತೂರಿಯ ಕದಿರುಗಳನ್ನು ಚಿವುಟದೆ ಬಿಟ್ಟರೆ ತುಡುವೆ ಜೇನು, ಮುಜಂಟಿ ಜೇನು ದಿನವಿಡೀ ಇರುತ್ತವೆ. ದೊಡ್ಡ ಹಿತ್ತಿಲಿನವರು ಬೇಲಿಗೆ ಹಾಲುವಾಣ ನೆಡಬಹುದು. ಎಲೆ ಉದುರಿಸಿ ಕೆಂಪಾಗಿ ಅರಳಿದಾಗ ಗೊರವಂಕ, ಕಾಜಾಣ, ಹೊನ್ನಕ್ಕಿ, ಸೂರಕ್ಕಿಗಳೆಲ್ಲ ಒಂದೇ ಮರದಲ್ಲಿ ಸೇರುತ್ತವೆ.

ಹಣ್ಣಿಗೆ ಬಂದರೆ, ಬೇಗ ಫಲ ಬೇಕೆನ್ನುವವರಿಗೆ ಗಸಗಸೆ ಹಣ್ಣಿನ ಮರ. ಇದು ಅಮೆರಿಕ ಖಂಡದಿಂದ ಬಂದದ್ದು; ಆದರೆ ಎರಡು ವರ್ಷದೊಳಗೆ ಹಣ್ಣು ಬಿಡುತ್ತದೆ, ವರ್ಷದ ಹೆಚ್ಚು ಕಾಲ ಬಿಡುತ್ತಲೇ ಇರುತ್ತದೆ. ಹಗಲು ಬದನಿಕೆ ಹಕ್ಕಿ, ಪಿಕಳಾರ, ಅಳಿಲು, ರಾತ್ರಿ ಬಾವಲಿ. ಬಾವಲಿಗಳು ಉಗಿದ ಸಿಪ್ಪೆ, ಹಿಕ್ಕೆ ಗೋಡೆಗೆ ಹತ್ತುತ್ತದೆ. ಆದ್ದರಿಂದ ಕಾರು ನಿಲ್ಲಿಸುವ ಕಡೆ, ಬಿಳಿ ಗೋಡೆಯ ಬಳಿ ನೆಡಬೇಡಿ. ನನ್ನ ಒಲವು ಹಿಪ್ಪುನೇರಳೆ, ಸೀಬೆ, ಕವಳೆಯ ಕಡೆಗೆ. ಕವಳೆಯ ಮುಳ್ಳಿನ ಪೊದೆಯೊಳಗೆ ಬೆಕ್ಕು ನುಗ್ಗಲಾರದು. ಸಣ್ಣ ಹಕ್ಕಿಗಳಿಗೆ ಹಣ್ಣೂ ಅಲ್ಲೇ, ಅಡಗುತಾಣವೂ ಅಲ್ಲೇ. ಪಪ್ಪಾಯ ಬೆಳೆದವರು ಮೇಲಿನ ಒಂದು ಹಣ್ಣನ್ನು ಮರದಲ್ಲೇ ಬಿಡಿ. ಅತ್ತಿ, ಆಲ, ಬಸರಿ, ಗೋಣಿಯ ಬೇರು ಅಡಿಪಾಯ ಸೀಳುತ್ತದೆ; ಎಕರೆಗಟ್ಟಲೆ ಜಾಗವಿರುವವರು ಮನೆಯಿಂದ ದೂರ ನೆಡಲಿ, ಉಳಿದವರು ಬೀದಿಯ ಕೊನೆಯ ಮರವನ್ನು ಕಡಿಯದಂತೆ ಕಾಯಲಿ.

ಲಂಟಾನವನ್ನು ಮಾತ್ರ ನೆಡಬೇಡಿ. ಚಿಟ್ಟೆಗಳು ಬರುತ್ತವೆ ಎಂದು ನರ್ಸರಿಯಲ್ಲಿ ಮಾರುತ್ತಾರೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನ ನೆಲವನ್ನು ಅದು ಹೇಗೆ ಮುಚ್ಚಿದೆ ಎಂದು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಹಕ್ಕಿ ತಿಂದ ಬೀಜ ನಿಮ್ಮ ಕಾಂಪೌಂಡಿನೊಳಗೆ ಉಳಿಯುವುದಿಲ್ಲ.

ಮೂಲೆಯ ಒಂದು ತುಂಡು ನೆಲದಲ್ಲಿ ಹುಲ್ಲನ್ನು ಕತ್ತರಿಸದೆ ತೆನೆಗೆ ಬಿಡಿ. ರಾಟವಾಳಗಳು ಹುಲ್ಲಿನ ಬೀಜಕ್ಕಾಗಿ ಬರುತ್ತವೆ. ನವಣೆ, ಸಜ್ಜೆಯನ್ನು ಕುಂಡದಲ್ಲೇ ಬೆಳೆಯಬಹುದು. ಭತ್ತದ ತೆನೆಗಳನ್ನು ಹೆಣೆದು ಜಗುಲಿಯ ತೊಲೆಗೆ ತೂಗುಹಾಕುವ ರೂಢಿಯಿರುವ ಮನೆಯವರು ಅದನ್ನು ಮುಂದುವರಿಸಿ. ಕಾಳು ಕೊಡುವುದೇ ಆದರೆ ಇದು ಸರಿಯಾದ ದಾರಿ: ತೆನೆಗೆ ಜೋತು ಬೀಳಬಲ್ಲ ಗುಬ್ಬಿ, ರಾಟವಾಳಗಳಿಗೆ ಸಿಗುತ್ತದೆ, ದಪ್ಪ ಪಾರಿವಾಳಕ್ಕೆ ಕಷ್ಟ. ಬ್ರೆಡ್ಡು, ಉಪ್ಪು ಹಾಕಿದ ಅನ್ನ, ಕುರುಕಲು ತಿಂಡಿ ಬೇಡ.

ಇನ್ನು ತರಗೆಲೆ. ಗುಡಿಸಿ ಸುಡುವುದನ್ನು ನಿಲ್ಲಿಸಿ, ಗಿಡಗಳ ಬುಡಕ್ಕೆ ಸರಿಸಿ. ಎಲೆಯ ಅಡಿಯಲ್ಲಿ ಎರೆಹುಳು, ಜಿರಲೆಜಾತಿಯ ಸಣ್ಣ ಕೀಟ, ಒನಕೆಹುಳು ಎಲ್ಲ ಕೂಡುತ್ತವೆ. ಮಡಿವಾಳ, ಹರಟೆಮಲ್ಲಗಳು ಅದನ್ನು ಕೆದಕಿ ತಿನ್ನುತ್ತವೆ. ಹಿಮಾಲಯದ ತಪ್ಪಲಿನ ಕಡೆಯಿಂದ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ನವರಂಗ ಹಕ್ಕಿ ಇಂಥ ನೆರಳಿನ ತರಗೆಲೆಯ ನೆಲವನ್ನೇ ಹುಡುಕುತ್ತದೆ. ಬರಿ ಹುಲ್ಲುಹಾಸಿನ ಅಂಗಳ ನೀರು ಕುಡಿಯುತ್ತದೆಯೇ ಹೊರತು ಇಷ್ಟು ಜೀವಿಗಳಿಗೆ ಅನ್ನ ಕೊಡದು.

ಆರನೆಯ ಹೆಜ್ಜೆ: ಗೂಡಿಗೆ ಅವಕಾಶ

ಅನೇಕ ಹಕ್ಕಿಗಳಿಗೆ ನೀವು ಪೆಟ್ಟಿಗೆ ಕೊಡಬೇಕಿಲ್ಲ, ಅವುಗಳ ಸಾಮಗ್ರಿಯನ್ನು ಕಸಿಯದಿದ್ದರೆ ಸಾಕು. ಸೂರಕ್ಕಿ ತನ್ನ ಜೋಲುಗೂಡನ್ನು ಜೇಡರ ಬಲೆಯಿಂದ ಬಿಗಿಯುತ್ತದೆ. ಟುವ್ವಿಹಕ್ಕಿ ಅಗಲ ಎಲೆಯ ಅಂಚುಗಳನ್ನು ನಾರು, ಬಲೆಯ ಎಳೆಗಳಿಂದ ಹೊಲಿಯುತ್ತದೆ. ಹೊರಗೋಡೆಯ ಜೇಡರ ಬಲೆಯನ್ನೆಲ್ಲ ಗುಡಿಸಬೇಡಿ. ಮರದ ಒಣ ಕೊಂಬೆ ಯಾರ ತಲೆಯ ಮೇಲೂ ಬೀಳುವ ಅಪಾಯವಿಲ್ಲದಿದ್ದರೆ ಹಾಗೆಯೇ ಬಿಡಿ. ಕುಟ್ರುಹಕ್ಕಿ ಅದರಲ್ಲಿ ತೂತು ಕೊರೆದು ಮರಿಮಾಡಿ ಬಿಟ್ಟುಹೋದ ಮೇಲೆ ಆ ಪೊಟರೆ ಬೇರೆ ಹಕ್ಕಿಗಳಿಗೆ ಒದಗುತ್ತದೆ.

ಗುಬ್ಬಿಗೆ ಮಾತ್ರ ಪೆಟ್ಟಿಗೆ ನಿಜಕ್ಕೂ ಬೇಕು, ಏಕೆಂದರೆ ಹೆಂಚು, ತೊಲೆ, ಗೋಡೆಯ ಸಂದುಗಳಿದ್ದ ಮನೆಗಳು ಹೋಗಿವೆ. ಬಣ್ಣ ಬಳಿಯದ ಮರದ ಹಲಗೆಯಿಂದ ತಳ ಸುಮಾರು 15x15 ಸೆಂ.ಮೀ., ಎತ್ತರ 20ರಿಂದ 25 ಸೆಂ.ಮೀ. ಇರುವ ಪೆಟ್ಟಿಗೆ ಮಾಡಿಸಿ. ಬಾಗಿಲು 32 ಮಿ.ಮೀ. ಅಗಲದ ದುಂಡು ತೂತು; ಅದಕ್ಕಿಂತ ದೊಡ್ಡದಾದರೆ ಗೊರವಂಕ ಆಕ್ರಮಿಸುತ್ತದೆ. ಬಾಗಿಲ ಮುಂದೆ ಕೂರುವ ಕಡ್ಡಿ ಬೇಡ, ಅದು ಕಾಗೆಗೆ ಅನುಕೂಲ. ತಳದಲ್ಲಿ ನೀರು ಇಳಿಯಲು, ಮೇಲ್ಭಾಗದಲ್ಲಿ ಗಾಳಿಯಾಡಲು ಸಣ್ಣ ತೂತುಗಳಿರಲಿ. ಎಂಟು ಹತ್ತು ಅಡಿ ಎತ್ತರದಲ್ಲಿ, ಸೂರಿನ ಅಡಿಯಲ್ಲಿ, ಮಧ್ಯಾಹ್ನದ ಬಿಸಿಲಿಗೂ ನೈಋತ್ಯದ ಮಳೆಗಾಳಿಗೂ ಬೆನ್ನು ಮಾಡಿ ಕಟ್ಟಿ. ಗುಬ್ಬಿಗಳು ಗುಂಪಿನಲ್ಲಿ ಬಾಳುವುದರಿಂದ ಎರಡು ಮೂರು ಪೆಟ್ಟಿಗೆ ಇದ್ದರೆ ಒಳ್ಳೆಯದು. ಸುತ್ತ ಎಲ್ಲೂ ಗುಬ್ಬಿಯೇ ಇಲ್ಲದ ಬಡಾವಣೆಯಲ್ಲಿ ಪೆಟ್ಟಿಗೆ ಕಟ್ಟಿ ಕಾಯುವುದಕ್ಕಿಂತ ಮೇಲೆ ಹೇಳಿದ ಗಿಡಗಳ ಮೇಲೆ ಶ್ರಮ ಹಾಕಿ.

ಬಾಲ್ಕನಿಯ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿದರೆ ಏನು ಮಾಡಬೇಕು? ಕುಂಡವನ್ನು ಸರಿಸಬೇಡಿ, ಮೊಬೈಲ್ ಹಿಡಿದು ಪದೇ ಪದೇ ಹತ್ತಿರ ಹೋಗಬೇಡಿ. ನಿಮ್ಮ ಓಡಾಟ ಕಂಡ ಕಾಗೆ ಗೂಡಿನ ಗುರುತು ಹಿಡಿಯುತ್ತದೆ. ಸುಮಾರು ಎರಡು ವಾರ ಕಾವು, ಮತ್ತೆರಡು ವಾರದೊಳಗೆ ಮರಿಗಳು ಹಾರುತ್ತವೆ. ಆ ಒಂದು ತಿಂಗಳು ಬಟ್ಟೆ ಬೇರೆ ಕಡೆ ಒಣಗಲಿ. ಮರದ ಕೊಂಬೆ ಸವರುವ ಕೆಲಸವನ್ನು ಅಕ್ಟೋಬರ್, ನವೆಂಬರ್‌ಗೆ ಇಟ್ಟುಕೊಳ್ಳಿ. ಬೇಸಿಗೆಯಿಂದ ಮಳೆಗಾಲದವರೆಗೆ ಗೂಡುಗಳು ಹೆಚ್ಚು.

ಏಳನೆಯ ಹೆಜ್ಜೆ: ಕಪ್ಪೆ, ಜೇನು, ಓತಿ, ಮತ್ತು ಹಾವಿನ ಪ್ರಶ್ನೆ

ಅರ್ಧ ನೆಲಕ್ಕೆ ಹೂತ ಒಂದು ಅಗಲ ತೊಟ್ಟಿಯಲ್ಲಿ ನೈದಿಲೆ ಬೆಳೆಸಿ. ಒಂದು ಬದಿಯಲ್ಲಿ ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಿ. ಕಪ್ಪೆ ಏರಿ ಇಳಿಯಲು, ಬಿದ್ದ ಅಳಿಲು ಹತ್ತಿ ಬರಲು ಅದು ಬೇಕು. ಕೊಡತಿಹುಳುವಿನ ಮರಿಗಳು ನೀರಿನಲ್ಲಿ ಸೊಳ್ಳೆಮರಿಗಳನ್ನು ಬೇಟೆಯಾಡುತ್ತವೆ. ಆದರೆ ಮೊದಲ ವಾರಗಳಲ್ಲಿ ಅವು ಇರುವುದಿಲ್ಲ, ಸೊಳ್ಳೆಮರಿ ಕಂಡರೆ ಜಾಳಿಗೆಯಿಂದ ಸೋಸಿ ತೆಗೆಯಿರಿ. ಗಪ್ಪಿ ಮೀನನ್ನು ಬಿಟ್ಟವರು ಅದು ಮಳೆನೀರಿನೊಂದಿಗೆ ಹಳ್ಳ ಸೇರದಂತೆ ನೋಡಿಕೊಳ್ಳಬೇಕು. ಅಲ್ಲಿಯ ಮೀನುಗಳಿಗೆ, ಗೊದಮೊಟ್ಟೆಗಳಿಗೆ ಅದು ಕಂಟಕ.

ಒಂಟಿಯಾಗಿ ಬಾಳುವ ಜೇನುಗಳಿಗೆ ಬಿದಿರಿನ ತುಂಡುಗಳು ಸಾಕು: ಒಂದು ತುದಿ ಮುಚ್ಚಿದ, 10ರಿಂದ 15 ಸೆಂ.ಮೀ. ಉದ್ದದ, 4ರಿಂದ 10 ಮಿ.ಮೀ. ಒಳಅಗಲದ ಕೊಳವೆಗಳನ್ನು ಕಟ್ಟು ಕಟ್ಟಿ ಮಳೆ ಬೀಳದ ಕಡೆ ಅಡ್ಡಲಾಗಿ ಇಡಿ. ಗುಲಾಬಿಯ ಎಲೆಯಲ್ಲಿ ಅರ್ಧಚಂದ್ರಾಕಾರದ ಕತ್ತರಿ ಗುರುತು ಕಂಡರೆ ಅದು ರೋಗವಲ್ಲ. ಎಲೆಕತ್ತರಿ ಜೇನು ಗೂಡಿಗೆ ಹಾಸಲು ಒಯ್ದ ತುಣುಕು. ತೋಟದ ಮೂಲೆಯಲ್ಲಿ ಕಲ್ಲಿನ ರಾಶಿ ಇದ್ದರೆ ಓತಿ, ಹಾವುರಾಣಿಗಳು ಬರುತ್ತವೆ.

ಹಾವು ಬಂದರೆ? ಹಾವು ಇಲಿ, ಕಪ್ಪೆಗಳ ಹಿಂದೆ ಬರುತ್ತದೆ, ಹಕ್ಕಿಯ ನೀರಿನ ತಟ್ಟೆಯ ಹಿಂದೆ ಅಲ್ಲ. ಹಿತ್ತಿಲಲ್ಲಿ ಹೆಚ್ಚಾಗಿ ಕಾಣುವ ಕೇರೆಹಾವು ವಿಷವಿಲ್ಲದ್ದು. ಆದರೂ ನಾಗರ, ಕಟ್ಟುಹಾವು, ಕೊಳಕುಮಂಡಲ ಇರುವ ನಾಡು ನಮ್ಮದು. ಆದ್ದರಿಂದ ಕಲ್ಲು, ಸೌದೆ, ತರಗೆಲೆಯ ರಾಶಿಗಳನ್ನು ಮನೆಯ ಗೋಡೆಯಿಂದಲೂ ಓಡಾಡುವ ದಾರಿಯಿಂದಲೂ ದೂರವಿಡಿ. ಬಾಗಿಲಿನ ಸುತ್ತ ನೆಲ ಚೊಕ್ಕಟವಾಗಿರಲಿ, ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ, ರಾಶಿಯೊಳಗೆ ಕೈ ಹಾಕಬೇಡಿ. ಕಚ್ಚಿದರೆ ನಾಟಿ ಮದ್ದು ಬೇಡ, ನೇರ ಆಸ್ಪತ್ರೆಗೆ.

ಮಂಗಗಳ ಕಾಟವಿರುವ ಊರಿನಲ್ಲಿ ಹಣ್ಣಿನ ಮರ ಹೆಂಚಿಗೆ ತಾಗುವಂತಿರಬಾರದು. ಅವುಗಳಿಗೆ ಕೈಯಾರೆ ತಿನ್ನಿಸುವುದು ಬೇಡವೇ ಬೇಡ.

ಎಂಟನೆಯ ಹೆಜ್ಜೆ: ಕರೆದವರನ್ನು ಕಾಪಾಡಿ

ಹಕ್ಕಿಗಳನ್ನು ಕರೆದ ಮೇಲೆ ಅವುಗಳ ಪ್ರಾಣದ ಹೊಣೆ ನಮ್ಮದು. ಸಾಕಿದ ಬೆಕ್ಕನ್ನು ಮುಂಜಾವು, ಮುಸ್ಸಂಜೆ ಒಳಗಿಡಿ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ದೊಡ್ಡ ಗಾಜಿನ ಕಿಟಕಿಯಲ್ಲಿ ಆಕಾಶ, ಮರ ಪ್ರತಿಫಲಿಸಿದರೆ ಹಕ್ಕಿ ಬಂದು ಬಡಿಯುತ್ತದೆ. ಗಾಜಿನ ಹೊರಬದಿಗೆ ಎರಡು ಅಂಗುಲಕ್ಕಿಂತ ಹೆಚ್ಚು ಅಂತರವಿಲ್ಲದಂತೆ ಚುಕ್ಕೆಗಳನ್ನು ಅಂಟಿಸಿ. ಒಂದೇ ಒಂದು ಗಿಡುಗನ ಚಿತ್ರ ಅಂಟಿಸುವುದರಿಂದ ಉಪಯೋಗವಿಲ್ಲ. ಹಣ್ಣಿನ ಗಿಡಕ್ಕೆ ತೆಳು ನೈಲಾನ್ ಬಲೆ ಹೊದಿಸಿದರೆ ಹಕ್ಕಿಯೂ ಹಾವೂ ಸಿಕ್ಕಿಕೊಂಡು ಸಾಯುತ್ತವೆ. ಬೇಕಾದ ಹಣ್ಣಿಗೆ ಬಟ್ಟೆಯ ಚೀಲ ಕಟ್ಟಿ. ತೋಟದ ದೀಪಗಳನ್ನು ರಾತ್ರಿ ಆರಿಸಿ, ಪತಂಗಗಳು ಅದರ ಸುತ್ತ ಸುತ್ತಿ ಸಾಯುವುದು ತಪ್ಪುತ್ತದೆ.

ಮರಿ ಕೆಳಗೆ ಬಿದ್ದಿದ್ದರೆ ಮೊದಲು ಪುಕ್ಕ ನೋಡಿ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ; ಬೆಕ್ಕು ನಾಯಿ ಬಾರದಂತೆ ಪೊದೆಯ ಮೇಲೆ ಕೂರಿಸಿ ದೂರ ಸರಿಯಿರಿ, ತಾಯ್ತಂದೆ ಬಂದು ಉಣಿಸುತ್ತವೆ. ಬೋಳು ಮರಿಯಾದರೆ ಗೂಡಿಗೆ ಮರಳಿಸಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಗಾಜಿಗೆ ಬಡಿದ ಹಕ್ಕಿ, ದಣಿದು ಬಿದ್ದ ನವರಂಗ ಸಿಕ್ಕರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದೆಡೆ ಒಂದೆರಡು ಗಂಟೆ ಇಡಿ. ಬಾಯಿಗೆ ನೀರು ಹಾಕಬೇಡಿ. ಚೇತರಿಸಿಕೊಂಡರೆ ಹಗಲಲ್ಲೇ ಬಿಡಿ, ಇಲ್ಲವಾದರೆ ಅರಣ್ಯ ಇಲಾಖೆಗೋ ಹತ್ತಿರದ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೋ ತಿಳಿಸಿ. ಗಿಳಿ, ರಾಟವಾಳದಂಥ ನಮ್ಮ ನಾಡಿನ ಹಕ್ಕಿಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಬಾಲ್ಕನಿಯವರಿಗೆ

ಒಂದು ನೀರಿನ ತಟ್ಟೆ, ಕುಂಡದಲ್ಲಿ ಕರಿಬೇವು, ಕಾಡುಬಸಳೆ, ಕಾಮಕಸ್ತೂರಿ, ಒಂದು ಕೇಪುಳ. ಇಷ್ಟೇ ಸಾಕು. ಪಾರಿವಾಳದ ಜಾಲರಿ ಹಾಕಿಸುವುದಾದರೆ ಬಿಗಿಯಾಗಿ ಎಳೆದು ಕಟ್ಟಿಸಿ. ಸಡಿಲ ಬಲೆಯಲ್ಲೇ ಹಕ್ಕಿಗಳು ಸಿಕ್ಕಿಬೀಳುವುದು.

ಕಾಲಕ್ಕೆ ತಕ್ಕ ಕೆಲಸ, ಮತ್ತು ಲೆಕ್ಕದ ಪುಸ್ತಕ

ಮುಂಗಾರಿನ ಮೊದಲ ಹದಮಳೆಯ ನಂತರ, ಜೂನ್‌ನಲ್ಲಿ ಮರ, ಪೊದೆಗಳನ್ನು ನೆಡಿ. ಅಕ್ಟೋಬರ್‌ನಿಂದ ವಲಸೆ ಹಕ್ಕಿಗಳನ್ನು ಗಮನಿಸಿ. ತಾರಸಿಯ ನೀರಿನ ಬಳಿ ಬಾಲ ಕುಣಿಸುವ ಬೂದು ಸಿಪಿಲೆ ಬಂದಿದೆ ಎಂದರೆ ಚಳಿಗಾಲ ಬಂತು. ಫೆಬ್ರವರಿಯಿಂದ ನೀರಿನ ತಟ್ಟೆಯನ್ನು ದಿನಕ್ಕೆರಡು ಬಾರಿ ತುಂಬಿ.

ಕರಿಬೇವಿನ ಕಪ್ಪು ಹಣ್ಣನ್ನು ಕೋಗಿಲೆ, ಪಿಕಳಾರಗಳು ತಿನ್ನುತ್ತವೆ. ಉದುರಿದ ಬೀಜಗಳಿಂದ ಬುಡದಲ್ಲಿ ಸಸಿಗಳು ಏಳುತ್ತವೆ. ಅವನ್ನು ಚಿಕ್ಕ ಕುಂಡಕ್ಕೆ ಹಾಕಿ ಅಕ್ಕಪಕ್ಕದ ಮನೆಗಳಿಗೆ ಕೊಡಿ, ಹುಳುವಿನ ವಿಷಯ ಹೇಳಿಯೇ ಕೊಡಿ. ಒಂದು ಬೀದಿಯಲ್ಲಿ ನಾಲ್ಕೈದು ಮನೆಗಳಲ್ಲಿ ಈ ಗಿಡಗಳಿದ್ದರೆ ಚಿಟ್ಟೆಯ ಸಂತತಿ ಒಂದು ಗಿಡದ ಅಳಿವು ಉಳಿವಿಗೆ ಜೋತುಬೀಳುವುದಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕಂಡ ಹಕ್ಕಿ ಅಥವಾ ಚಿಟ್ಟೆ, ಅದು ಏನು ಮಾಡುತ್ತಿತ್ತು, ಯಾವ ಗಿಡದ ಮೇಲಿತ್ತು ಎಂದು ಬರೆಯಿರಿ. ಕೊನೆಯ ಎರಡು ವಿವರಗಳೇ ಹೆಚ್ಚು ಬೆಲೆಯುಳ್ಳವು. ಮುಂದಿನ ಮಳೆಗಾಲದಲ್ಲಿ ಏನು ನೆಡಬೇಕೆಂದು ಅವೇ ಹೇಳುತ್ತವೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ನಿಮ್ಮ ಅಂಗಳದ ಪಟ್ಟಿಯನ್ನೂ ಸೇರಿಸಬಹುದು. ಕನಿಷ್ಠ 15 ನಿಮಿಷ ಒಂದೆಡೆ ಕುಳಿತು ಎಣಿಸಿ, ಈ-ಬರ್ಡ್ ಆ್ಯಪ್‌ನಲ್ಲಿ ದಾಖಲಿಸಿದರಾಯಿತು. ಕಾಗೆ, ಪಾರಿವಾಳ, ಗೊರವಂಕಗಳನ್ನೂ ಬಿಡದೆ ಬರೆಯಿರಿ. ಸಾಮಾನ್ಯ ಹಕ್ಕಿಗಳ ಲೆಕ್ಕವಿದ್ದರೆ ಮಾತ್ರ ಅವು ಕಡಿಮೆಯಾದದ್ದು ಗೊತ್ತಾಗುವುದು.